ಬಚ್ಚಲ ಮೂಲೆಯ ಕಪ್ಪು ಗೆರೆ

ಆಷಾಢದ ಮಳೆ ಹಿಡಿದು ಹತ್ತು ಹದಿನೈದು ದಿನಗಳಾಗಿರುತ್ತವೆ. ಉಡುಪಿಯಲ್ಲೋ ಸಾಗರದಲ್ಲೋ ಬೆಂಗಳೂರಿನ ಯಾವುದೋ ಬಡಾವಣೆಯಲ್ಲೋ ಗೃಹಪ್ರವೇಶವಾಗಿ ಎರಡು ವರ್ಷವೂ ತುಂಬದ ಹೊಸ ಮನೆ. ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ಅದಕ್ಕೊಪ್ಪುವ ಟೈಲ್ಸು, ಬೇಸಿನ್ನು, ಗೀಸರು ಎಲ್ಲವೂ ಚೆನ್ನ. ಆದರೆ ಬೇಸಿನ್ನು ಗೋಡೆಗೆ ಸೇರುವಲ್ಲಿ ಮೇಸ್ತ್ರಿ ಎಳೆದು ಹೋಗಿದ್ದ ಬಿಳಿ ರಬ್ಬರಿನಂಥ ಪಟ್ಟಿಯ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿಗಳು. ನಾಲ್ಕು ದಿನ ಬಿಟ್ಟು ನೋಡಿದರೆ ಚುಕ್ಕಿಗಳೆಲ್ಲ ಕೂಡಿ ಗೆರೆಯಾಗಿವೆ. ಅಡುಗೆಮನೆಯ ಸಿಂಕಿನ ಸುತ್ತಲೂ ಇದೇ ಕಥೆ.

ಮನೆಯಾಕೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ತಿಕ್ಕುತ್ತಾಳೆ. ಮಾಸುತ್ತದೆ, ಹೋಗುವುದಿಲ್ಲ. ಮುಂದಿನ ವಾರ ಮತ್ತೆ ಹಾಜರು. ಬಂದ ನೆಂಟರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ‘ಸ್ವಲ್ಪ ಚೊಕ್ಕಟವಾಗಿ ಇಟ್ಟುಕೊಳ್ಳಬಾರದೇ’ ಎಂಬ ಮಾತು ಬಾಯಿಂದ ಬರದಿದ್ದರೂ ಮುಖದಲ್ಲಿ ಕಾಣುತ್ತದೆ. ಮನೆಯ ಗಂಡಸರೂ ಇದೇ ತೀರ್ಪು ಕೊಟ್ಟು ಪತ್ರಿಕೆ ಬಿಡಿಸಿ ಕೂರುವುದುಂಟು.

ಈ ತೀರ್ಪು ತಪ್ಪು. ಆ ಕಪ್ಪು ಗೆರೆ ಮನೆಯವರ ಕೊಳಕುತನಕ್ಕೆ ಸಿಕ್ಕ ಸರ್ಟಿಫಿಕೇಟಲ್ಲ. ಅಷ್ಟು ಜಾಗ ದಿನಕ್ಕೆ ಎಷ್ಟು ಗಂಟೆ ಒದ್ದೆಯಾಗಿರುತ್ತದೆ ಎಂಬುದರ ಲೆಕ್ಕ ಅದು. ಈ ಮಾತು ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಹತ್ತದಿದ್ದರೆ ಅಂಗಡಿಯಲ್ಲಿರುವ ಬಾಟಲಿಗಳನ್ನೆಲ್ಲ ತಂದು ಸುರಿದರೂ ಫಲವಿಲ್ಲ. ಸುರಿಯುವುದರಲ್ಲಿ ಪ್ರಾಣಕ್ಕೆ ಕುತ್ತು ತರುವ ಒಂದು ತಪ್ಪೂ ಇದೆ. ಅದನ್ನು ಮುಂದೆ ನೋಡೋಣ.

ಚಂದ್ರನ ಮೇಲೆ ನಡೆದ ವಸ್ತು

ಮೊದಲು ಆ ಬಿಳಿ ಪಟ್ಟಿಯ ಪರಿಚಯ ಮಾಡಿಕೊಳ್ಳಬೇಕು. ಹಾರ್ಡ್‌ವೇರ್ ಅಂಗಡಿಯವರು ‘ಸಿಲಿಕಾನ್’ ಎಂದು ಕೊಡುತ್ತಾರೆ, ಮೇಸ್ತ್ರಿಯೂ ಹಾಗೇ ಕೇಳುತ್ತಾನೆ. ವಿದ್ಯಾರ್ಥಿಗಳು ಇಲ್ಲಿ ಎಡವಬಾರದು. ಸಿಲಿಕಾನ್ ಎಂದರೆ ಮರಳಿನಲ್ಲಿರುವ ಮೂಲವಸ್ತು, ಕಂಪ್ಯೂಟರಿನ ಚಿಪ್ಪು ಆಗುವುದು ಅದರಿಂದ. ಟ್ಯೂಬಿನಲ್ಲಿರುವುದು ಸಿಲಿಕೋನ್. ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳು ಒಂದು ಬಿಟ್ಟು ಒಂದರಂತೆ ಸರಪಳಿಯಾಗಿ, ಆ ಸರಪಳಿಯ ಅಕ್ಕಪಕ್ಕ ಇಂಗಾಲದ ಚಿಕ್ಕ ಗುಂಪುಗಳು ನೇತುಬಿದ್ದಿರುವ ಕೃತಕ ವಸ್ತು ಇದು. ಈ ಹೆಸರನ್ನು 20ನೇ ಶತಮಾನದ ಆರಂಭದಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರಸಾಯನವಿಜ್ಞಾನಿ ಫ್ರೆಡರಿಕ್ ಕಿಪ್ಪಿಂಗ್. ತನ್ನ ಪಾತ್ರೆಗಳಲ್ಲಿ ಉಳಿಯುತ್ತಿದ್ದ ಈ ಅಂಟು ಪದಾರ್ಥದಿಂದ ಲೋಕಕ್ಕೆ ದೊಡ್ಡ ಪ್ರಯೋಜನವಾದೀತೆಂದು ಅವನಿಗೇ ನಂಬಿಕೆ ಇರಲಿಲ್ಲ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಊರಿದ ಬೂಟಿನ ಅಡಿ ಸಿಲಿಕೋನ್ ರಬ್ಬರಿನದು.

ಬಚ್ಚಲಿಗೆ ಇದು ಬಂದುದಕ್ಕೆ ಕಾರಣ ಸರಳ. ಸಿಮೆಂಟು ಗಡುಸು, ಬಾಗುವುದಿಲ್ಲ. ಬೇಸಿನ್ನಿನ ಪಿಂಗಾಣಿ, ಗೋಡೆಯ ಟೈಲು, ಸಿಂಕಿನ ಉಕ್ಕು ಇವೆಲ್ಲ ಬಿಸಿಗೆ ಹಿಗ್ಗುವ, ತಂಪಿಗೆ ಕುಗ್ಗುವ ಪ್ರಮಾಣ ಬೇರೆ ಬೇರೆ. ಇವುಗಳ ಸಂದಿಗೆ ಸಿಮೆಂಟು ಮೆತ್ತಿದರೆ ಕೆಲವೇ ತಿಂಗಳಲ್ಲಿ ಕೂದಲೆಳೆಯ ಬಿರುಕು ಬಿಟ್ಟು ನೀರು ಒಳಗಿಳಿಯುತ್ತದೆ. ಸಿಲಿಕೋನ್ ರಬ್ಬರಿನಂತೆ ಎಳೆದರೆ ಎಳೆಸಿಕೊಳ್ಳುತ್ತದೆ, ನೀರನ್ನು ಹೀರುವುದಿಲ್ಲ. ಹಚ್ಚಿದ ದಿನ ಮೂಗಿಗೆ ಬಡಿಯುವ ಹುಳಿ ವಾಸನೆ ಅಸಿಟಿಕ್ ಆಮ್ಲದ್ದು, ಅಂದರೆ ವಿನೆಗರಿನ ಹುಳಿಯೇ. ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವಾಗ ಆ ಆಮ್ಲ ಹೊರಬೀಳುತ್ತದೆ. ವಾಸನೆ ಅಷ್ಟಾಗಿ ಇಲ್ಲದ ಇನ್ನೊಂದು ಜಾತಿಯೂ ಇದೆ. ಯಾವ ಕಲ್ಲಿಗೆ ಯಾವುದು ಎಂಬ ಪ್ರಶ್ನೆಗೆ ಆಮೇಲೆ ಬರಬಹುದು.

ಹಾಗಾದರೆ ನೀರನ್ನೇ ಹೀರದ, ಚಂದ್ರನಿಗೂ ಹೋಗಿ ಬಂದ ಈ ವಸ್ತುವನ್ನು ಬೂಷ್ಟು ತಿನ್ನುವುದು ಹೇಗೆ?

ತಿನ್ನುವುದಿಲ್ಲ. ಬೂಷ್ಟಿಗೆ ಅದು ಬರೀ ಬಾಳೆಲೆ. ಬಡಿಸಿದವರು ನಾವು.

ಊಟ ಯಾರದು?

ಸ್ನಾನ ಮಾಡುವಾಗ ಮೈಯಿಂದ ಸತ್ತ ಚರ್ಮದ ಪುಡಿ, ಬೆವರಿನ ಜಿಡ್ಡು, ಹಚ್ಚಿಕೊಂಡ ಎಣ್ಣೆ, ಶಾಂಪೂವಿನ ಶೇಷ ಎಲ್ಲ ತೊಳೆದು ಹೋಗುತ್ತವೆ. ಬಹುಪಾಲು ಚರಂಡಿ ಸೇರುತ್ತದೆ, ಉಳಿದದ್ದು ಮೂಲೆಗಳಲ್ಲಿ ತೆಳ್ಳಗೆ ಅಂಟುತ್ತದೆ. ಇದಕ್ಕೆ ಗಡಸು ನೀರು ಸೇರಿದರೆ ಇನ್ನೂ ಚೆನ್ನ, ಬೂಷ್ಟಿಗೆ ಚೆನ್ನ! ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಸಾಬೂನು ಇವುಗಳೊಡನೆ ಸೇರಿ ನೊರೆಯಾಗುವ ಬದಲು ಬೆಳ್ಳಗಿನ ಗಸಿಯಾಗುತ್ತದೆ. ಹತ್ತನೇ ತರಗತಿಯ ಪ್ರಯೋಗಾಲಯದಲ್ಲಿ ಪ್ರನಾಳ ಅಲುಗಿಸಿ ನೋಡುವುದು ಇದನ್ನೇ. ಆ ಗಸಿ ನೀರಿನಲ್ಲಿ ಕರಗದೆ ಸಂದಿಯಲ್ಲಿ ಕೂರುತ್ತದೆ, ಬೂಷ್ಟಿಗೆ ನೆಲೆಯೂ ಆಗುತ್ತದೆ, ಆಹಾರವೂ ಆಗುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಗಸಿ ಕಡಿಮೆ. ಆದರೆ ಅಲ್ಲಿನ ಗಾಳಿಯ ತೇವ ಆ ಕೊರತೆಯನ್ನು ತುಂಬಿಕೊಡುತ್ತದೆ.

ಉಣ್ಣುವವರು ಯಾರು? ಪಠ್ಯಪುಸ್ತಕದ ಭಾಷೆಯಲ್ಲಿ ಶಿಲೀಂಧ್ರಗಳು. ಆರಿಯೋಬೆಸಿಡಿಯಂ, ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್ ಮುಂತಾದವು ಬಚ್ಚಲಿನ ಹಳೆಯ ಗಿರಾಕಿಗಳು. ಇವುಗಳಿಗೆ ಪತ್ರಹರಿತ್ತಿಲ್ಲ, ಸ್ವಂತ ಅಡುಗೆ ಇಲ್ಲ. ಕಿಣ್ವಗಳನ್ನು ಹೊರಗೆ ಸುರಿಸಿ, ಜಿಡ್ಡನ್ನು ಅಲ್ಲೇ ಕರಗಿಸಿ ಹೀರಿಕೊಳ್ಳುತ್ತವೆ. ಕೆಲವು ಜಾತಿಗಳ ತಂತುಗಳಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತುಂಬಿಕೊಂಡು ಕಪ್ಪಾಗುತ್ತವೆ. ಮನುಷ್ಯನ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ವಸ್ತುವಿನ ಹೆಸರೂ ಅದೇ.

ಎಲ್ಲ ಕಲೆಯೂ ಬೂಷ್ಟಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬಕೆಟ್ಟಿನ ಅಡಿಯಲ್ಲಿ, ನಲ್ಲಿಯ ಬುಡದಲ್ಲಿ ಕೆಲವೊಮ್ಮೆ ಗುಲಾಬಿ ಬಣ್ಣದ ಲೋಳೆ ಕಾಣುತ್ತದೆ. ಹಲವು ಸಲ ಅದು ಬ್ಯಾಕ್ಟೀರಿಯಾಗಳ ಕೆಲಸ, ಅವುಗಳಲ್ಲಿ ಹೆಸರುವಾಸಿಯಾದದ್ದು ಸೆರೇಷಿಯಾ. ಇದರ ಚರಿತ್ರೆ ಸ್ವಾರಸ್ಯದ್ದು. 1819ರಲ್ಲಿ ಇಟಲಿಯ ಪಾಡುವಾ ನಗರದ ಬಳಿ ರೈತರ ಮನೆಗಳಲ್ಲಿ ಪೊಲೆಂಟಾ ಎಂಬ ಮೆಕ್ಕೆಜೋಳದ ಮುದ್ದೆ ರಕ್ತದಂತೆ ಕೆಂಪಾಗತೊಡಗಿತು. ಜನ ದೆವ್ವದ ಕಾಟವೆಂದು ಹೆದರಿದರು. ಬಾರ್ತೊಲೊಮಿಯೊ ಬಿಜಿಯೊ ಎಂಬ ಔಷಧ ತಜ್ಞ ಪರೀಕ್ಷಿಸಿ ಇದು ಸೂಕ್ಷ್ಮಜೀವಿಯ ಕೆಲಸವೆಂದು ತೋರಿಸಿಕೊಟ್ಟ. ಆತ ಅದನ್ನು ಶಿಲೀಂಧ್ರವೆಂದೇ ಭಾವಿಸಿದ್ದ, ಬ್ಯಾಕ್ಟೀರಿಯಾ ಎಂದು ತಿಳಿದದ್ದು ಆಮೇಲೆ. ಗುಲಾಬಿ ಲೋಳೆ ಬಹುಮಟ್ಟಿಗೆ ಮೇಲೆ ಮೇಲೆ ಇರುತ್ತದೆ, ತಿಕ್ಕಿದರೆ ಹೋಗುತ್ತದೆ. ಕಪ್ಪು ಗೆರೆ ಅಷ್ಟು ಸುಲಭವಲ್ಲ.

ಹಂಡೆಯ ಕಾಲದ ಗುಟ್ಟು

ಬೂಷ್ಟು ಬೆಳೆಯಲು ನಾಲ್ಕು ಬೇಕು: ಬೀಜಕಣ, ಆಹಾರ, ಹದವಾದ ಬಿಸಿ, ನೀರು. ಇವುಗಳಲ್ಲಿ ಬೀಜಕಣವನ್ನು ತಡೆಯುವುದು ಅಸಾಧ್ಯ. ಒಂದು ಬೀಜಕಣ ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ಹತ್ತು ಭಾಗದಷ್ಟು ಚಿಕ್ಕದು, ಪ್ರತಿ ಉಸಿರಿನಲ್ಲೂ ಒಳಹೋಗಿ ಬರುತ್ತಿರುತ್ತದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನ ಗಾಜಿನ ತಟ್ಟೆಗೆ ಕರೆಯದೆ ಬಂದು ಬಿದ್ದದ್ದೂ ಇಂಥದೇ ಒಂದು. ಆಹಾರವನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲಾಗದು. ಬಿಸಿಯಂತೂ 20ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಪರಮಸುಖ, ನಮ್ಮ ಊರುಗಳ ಹವೆಯೇ ಅಷ್ಟು. ಮನುಷ್ಯನ ಕೈಯಲ್ಲಿ ನಿಜವಾಗಿ ಇರುವುದು ನೀರೊಂದೇ. ಮೇಲ್ಮೈಯ ಬಳಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 80ರ ಮೇಲೆ ನಿಂತುಬಿಟ್ಟರೆ ಬಹಳಷ್ಟು ಬೂಷ್ಟುಗಳು ಚಿಗುರುತ್ತವೆ. ಕೆಲವಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆಯೂ ಸಾಕು. ಒಂದೆರಡು ದಿನ ಬಿಡದೆ ಒದ್ದೆಯಿದ್ದರೆ ಬೀಜಕಣ ಮೊಳೆಯತೊಡಗುತ್ತದೆ. ನಡುವೆ ಒಣಗಿದರೆ ಸಾಯದಿರಬಹುದು, ಆದರೆ ಬೆಳವಣಿಗೆ ನಿಲ್ಲುತ್ತದೆ.

ಹಳೆಯ ಬಚ್ಚಲುಮನೆಯನ್ನು ಈ ದೃಷ್ಟಿಯಿಂದ ನೋಡಿ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಬಚ್ಚಲಿನ ಮೂಲೆಯಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ. ಬೆಳಗಿನಿಂದ ಉರಿ ಆರುತ್ತಿರಲಿಲ್ಲ, ಸ್ನಾನವೆಲ್ಲ ಮುಗಿದ ಮೇಲೂ ಕೆಂಡ ಗಂಟೆಗಟ್ಟಲೆ ಬಿಸಿ ಉಗುಳುತ್ತಿತ್ತು. ತಲೆಯ ಮೇಲೆ ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಆ ಹಂಚುಗಳ ಸಂದಿಯಲ್ಲಿ ಮಳೆ ಒಳಗೆ ಬರುವುದಿಲ್ಲ, ಬಿಸಿ ಹಬೆ ಮಾತ್ರ ಹೊರಗೆ ಹೋಗುತ್ತದೆ. ಗೋಡೆಗೆ ಸುಣ್ಣ. ಹೊಸ ಸುಣ್ಣ ತೀರ ಪ್ರತ್ಯಾಮ್ಲೀಯ, ಅದರ ಪಿಎಚ್ 12ರ ಮೇಲೆ. ತುಸು ಆಮ್ಲೀಯ ನೆಲೆಯನ್ನು ಇಷ್ಟಪಡುವ ಬೂಷ್ಟಿಗೆ ಅದು ಹಿಡಿಸದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಕ್ರಮೇಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತನ್ನ ಖಾರ ಕಳೆದುಕೊಳ್ಳುತ್ತದೆ. ಅದಕ್ಕೇ ವರ್ಷ ವರ್ಷವೂ ಹೊಸದಾಗಿ ಬಳಿಯಬೇಕು. ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ಹಬ್ಬದಂದು ಹಂಡೆ ಬೆಳಗಿ ಬಚ್ಚಲಿಗೆ ಸುಣ್ಣ ಸಾರಣೆ ಮಾಡುವುದು ಸರಿಯಾಗಿ ಮಳೆಗಾಲದ ಬೆನ್ನಿಗೇ ಬರುತ್ತದೆ. ಹಬ್ಬ ಮಾಡಿದವರು ಶಿಲೀಂಧ್ರಶಾಸ್ತ್ರ ಓದಿರಲಿಲ್ಲ, ನಿಜ. ಕಣ್ಣು ಮಾತ್ರ ಬಿಟ್ಟುಕೊಂಡಿದ್ದರು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹಾಡಬೇಕಾಗಿಲ್ಲ. ಗೋಡೆಯನ್ನು ಒಣಗಿಸುತ್ತಿದ್ದ ಆ ಹೊಗೆ ಒಲೆಯ ಮುಂದೆ ಕೂತ ಹೆಂಗಸರ ಶ್ವಾಸಕೋಶಕ್ಕೂ ಹೋಗುತ್ತಿತ್ತು. ಒಲೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಒಲೆಯ ಜೊತೆಗೆ ಬಿಸಿಯೂ ಗಾಳಿಯೂ ಹೋಗಿ ಅವುಗಳ ಜಾಗಕ್ಕೆ ಏನೂ ಬರಲಿಲ್ಲ. ಮಲಗುವ ಕೋಣೆಗೆ ಅಂಟಿಕೊಂಡ ಐದಡಿ ಎಂಟಡಿಯ ಪೆಟ್ಟಿಗೆ, ಮೇಲೆ ಕಾಂಕ್ರೀಟು, ಸುತ್ತ ನೀರು ಹೀರದ ಟೈಲು, ಗಾಳಿಗೊಂದು ಅಂಗೈಯಗಲದ ಕಿಂಡಿ. ಆ ಕಿಂಡಿಗೂ ಸೊಳ್ಳೆ ಬರುತ್ತದೆಂದು ಗಾಜು. ಸ್ನಾನಗೃಹದ ಕಿಟಕಿ ಕನಿಷ್ಠ 0.37 ಚದರ ಮೀಟರ್, ಅಂದರೆ ಸುಮಾರು ನಾಲ್ಕು ಚದರ ಅಡಿ ಇರಬೇಕೆಂದು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಟೇಪು ಹಿಡಿದು ಅಳೆದು ನೋಡಿದರೆ ಎಷ್ಟೋ ಮನೆಗಳಲ್ಲಿ ಅದರ ಅರ್ಧವೂ ಸಿಗದು. ಟೈಲಿನ ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತುವವರು ಬಚ್ಚಲಿನ ಕಿಟಕಿಯ ಅಳತೆ ಕೇಳುವುದು ಅಪರೂಪ.

ಎಂಟು ಗ್ರಾಂ ಲೆಕ್ಕ

‘ಎಕ್ಸಾಸ್ಟ್ ಫ್ಯಾನು ಹಾಕಿದ್ದೇವಲ್ಲ’ ಎನ್ನಬಹುದು. ಒಳ್ಳೆಯದು, ಹಾಕಲೇಬೇಕು. ಆದರೆ ಮಳೆಗಾಲದಲ್ಲಿ ಅದರಿಂದ ಎಷ್ಟು ಆದೀತೆಂದು ಒಂದು ಲೆಕ್ಕ ಮಾಡಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬಿಸಿನೀರು ಹೊಯ್ದುಕೊಂಡು ಎದ್ದಾಗ ಬಚ್ಚಲಿನ ಗಾಳಿ ಹೀಗೆ ತುಂಬಿ ನಿಂತಿರುತ್ತದೆ. ಕನ್ನಡಿ ಮಸುಕಾಗುವುದು ಇದಕ್ಕೇ. ಹೊರಗೆ ಜುಲೈ ತಿಂಗಳ ಮಂಗಳೂರು, 26 ಡಿಗ್ರಿ, ಆರ್ದ್ರತೆ ಶೇ 90 ಎನ್ನಿ. ಆ ಗಾಳಿಯ ಒಂದು ಘನ ಮೀಟರಿನಲ್ಲೇ ಸುಮಾರು 22 ಗ್ರಾಂ ನೀರಾವಿ ಇದೆ. ಫ್ಯಾನು ಒಂದು ಘನ ಮೀಟರ್ ಗಾಳಿಯನ್ನು ಹೊರದೂಡಿ ಹೊರಗಿನದನ್ನು ಒಳಗೆ ತಂದಾಗ ಹೊರಹೋಗುವ ನೀರು ಬರೀ 8 ಗ್ರಾಂ. ನೆಲ, ಗೋಡೆ, ಮೂಲೆಗಳಿಗೆ ಅಂಟಿ ಉಳಿದದ್ದು ಅರ್ಧ ಲೀಟರ್ ಎಂದಿಟ್ಟುಕೊಂಡರೂ ಅದನ್ನು ಸಾಗಿಸಲು 60 ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಅಂದರೆ ಆ ಚಿಕ್ಕ ಕೋಣೆಯ ಗಾಳಿ ಏಳು ಬಾರಿ ಪೂರ್ತಿ ಬದಲಾಗಬೇಕು. ಅಷ್ಟರಲ್ಲಿ ಕೋಣೆ ತಣ್ಣಗಾಗುತ್ತದೆ, 8 ಗ್ರಾಂ ವ್ಯತ್ಯಾಸವೂ ಕರಗುತ್ತ ಬರುತ್ತದೆ. ಬಾಗಿಲಡಿ ಸಂದಿಯಿಲ್ಲದೆ ಬಿಗಿಯಾಗಿ ಮುಚ್ಚಿದ್ದರಂತೂ ಫ್ಯಾನು ಸುಮ್ಮನೆ ಸದ್ದು ಮಾಡುತ್ತದೆ. ಒಳಗೆ ಬರಲು ದಾರಿಯಿಲ್ಲದ ಗಾಳಿ ಹೊರಗೆ ಹೋಗುವುದಾದರೂ ಎಲ್ಲಿಂದ?

ಅದೇ ಅರ್ಧ ಲೀಟರನ್ನು ರಬ್ಬರು ಪಟ್ಟಿಯ ವೈಪರು ಒಂದು ನಿಮಿಷದಲ್ಲಿ ಚರಂಡಿಗೆ ಎಳೆದು ಹಾಕುತ್ತದೆ. ನೀರನ್ನು ಆವಿ ಮಾಡಿ ಕಳಿಸುವುದಕ್ಕಿಂತ ನೀರಾಗಿಯೇ ಕಳಿಸುವುದು ಎಷ್ಟೋ ಸುಲಭ. ವೈಪರಿಗೆ ಸಿಗದೆ ಉಳಿಯುವುದು ಮೂಲೆಯ ನೀರು. ಮೇಲ್ಮೈ ಎಳೆತದಿಂದಾಗಿ ಎರಡು ಗೋಡೆ ಕೂಡುವ ಸಂದಿಯಲ್ಲಿ ನೀರು ಎಳೆಯಾಗಿ ಅಂಟಿ ನಿಲ್ಲುತ್ತದೆ, ಗೋಡೆಯ ನಡುಭಾಗ ಒಣಗಿ ಎಷ್ಟೋ ಹೊತ್ತಾದರೂ ಅಲ್ಲಿ ಆರಿರುವುದಿಲ್ಲ. ಸೀಲೆಂಟು ಹಚ್ಚುವುದೂ ಸರಿಯಾಗಿ ಅಲ್ಲಿಯೇ. ಕಪ್ಪು ಗೆರೆ ನಡುಗೋಡೆಯಲ್ಲಿ ಹುಟ್ಟದೆ ಮೂಲೆಯಲ್ಲೇ ಹುಟ್ಟುವ ರಹಸ್ಯ ಇಷ್ಟೆ. ಸ್ನಾನ ಮುಗಿಸಿ ಕೊನೆಗೆ ಹೊರಬರುವವರು, ಅವರು ಅಪ್ಪನಾಗಲಿ ಮಗನಾಗಲಿ, ಒಣ ಬಟ್ಟೆಯೊಂದನ್ನು ಆ ಸಂದಿಯುದ್ದಕ್ಕೂ ಒಮ್ಮೆ ಎಳೆದು ಬರಬೇಕು. ಬಟ್ಟೆಯನ್ನು ಅಲ್ಲೇ ಮುದ್ದೆ ಮಾಡಿ ಇಡದೆ ಹೊರಗೆ ಹರಡಬೇಕು. ಆಮೇಲೆ ಫ್ಯಾನು ಇಪ್ಪತ್ತು ನಿಮಿಷ ತಿರುಗಲಿ, ಬಾಗಿಲು ತೆರೆದಿರಲಿ. ವಾರಕ್ಕೊಮ್ಮೆ ಸಾಬೂನಿನ ಗಸಿಯನ್ನು ಮೆತ್ತನೆಯ ಸ್ಪಂಜಿನಿಂದ ತೊಳೆದರೆ ಆಹಾರವೂ ಕಡಿಮೆಯಾಯಿತು. ತಂತಿಯ ಬ್ರಷ್ಷು, ಪಾತ್ರೆ ತಿಕ್ಕುವ ಉಕ್ಕಿನ ನಾರು ಬೇಡ. ಅವು ಸಿಲಿಕೋನಿನ ಮೇಲೆ ಗೀರುಗಳನ್ನು ಮಾಡುತ್ತವೆ, ಬೂಷ್ಟು ಅಡಗಲು ಆ ಗೀರುಗಳೇ ಬಿಲ.

ಅಡುಗೆಮನೆಯಲ್ಲಿ ಸ್ನಾನವಿಲ್ಲ, ಆದರೆ ನಲ್ಲಿ ತೊಟ್ಟಿಕ್ಕುತ್ತದೆ. ಸಿಂಕಿನ ಹಿಂಬದಿಗೆ ಒರಗಿಸಿಟ್ಟ ಒದ್ದೆ ಸ್ಪಂಜು, ತೊಳೆದ ಪಾತ್ರೆಯ ಬುಟ್ಟಿ, ಸಾಬೂನಿನ ಡಬ್ಬಿ ಇವೆಲ್ಲ ಆ ಬಿಳಿ ಪಟ್ಟಿಯನ್ನು ಇಡೀ ದಿನ ನೆನೆಸಿಡುತ್ತವೆ. ಹತ್ತು ರೂಪಾಯಿಯ ವಾಷರು ಬದಲಿಸಿ, ಸ್ಪಂಜನ್ನು ಒಂದು ಕೊಕ್ಕೆಗೆ ನೇತುಹಾಕಿದರೆ ಅಲ್ಲಿನ ಸಮಸ್ಯೆ ಬಹುಪಾಲು ತೀರುತ್ತದೆ.

ಬಾಟಲಿಗಳ ಜಗಳ

ಈಗಾಗಲೇ ಕಪ್ಪಾಗಿದ್ದರೆ? ಬ್ಲೀಚಿಂಗ್ ದ್ರವ, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಮೇಲಿನ ಬೂಷ್ಟನ್ನು ಕೊಲ್ಲುತ್ತದೆ, ಬಣ್ಣವನ್ನೂ ತೆಗೆಯುತ್ತದೆ. ಸೀಲೆಂಟಿನ ಅಂಚು ಎದ್ದು ಒಳಗೆ ನುಸುಳಿದ ತಂತುಗಳನ್ನು ಅದು ಮುಟ್ಟದು. ಬೆಳ್ಳಗಾಯಿತೆಂದು ಸಂತೋಷಪಟ್ಟು ಸಂದಿಯನ್ನು ಮತ್ತೆ ಒದ್ದೆ ಬಿಟ್ಟರೆ ತಿಂಗಳೊಳಗೆ ಮೊದಲಿನ ಸ್ಥಿತಿ. ಟಿವಿ ಜಾಹೀರಾತಿನಲ್ಲಿ ಒಂದೇ ಎಳೆತಕ್ಕೆ ಹೊಳೆಯುವ ಮೂಲೆಯನ್ನು ಮುಂದಿನ ತಿಂಗಳು ಯಾರೂ ತೋರಿಸುವುದಿಲ್ಲ. ಉಪಯೋಗಿಸುವುದೇ ಆದರೆ ಕೈಗೆ ರಬ್ಬರಿನ ಕೈಚೀಲ ಹಾಕಿ, ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ದೂರವಿಟ್ಟು, ಒಂದು ಭಾಗ ದ್ರವಕ್ಕೆ ಹತ್ತು ಭಾಗ ನೀರು ಬೆರೆಸಿ, ಅದರಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಸಂದಿಯ ಮೇಲೆ ಹತ್ತು ನಿಮಿಷ ಇಟ್ಟು ತೊಳೆಯಬೇಕು. ಬೆರೆಸಿದ್ದನ್ನು ಅಂದೇ ಮುಗಿಸಬೇಕು.

ಪ್ರಾಣಕ್ಕೆ ಕುತ್ತೆಂದದ್ದು ಇಲ್ಲಿ. ಬ್ಲೀಚಿಗೆ ಕಲೆ ಹೋಗದಾಗ ಅದರ ಮೇಲೆಯೇ ಕಕ್ಕಸು ತೊಳೆಯುವ ಆಮ್ಲವನ್ನು ಸುರಿಯುವವರಿದ್ದಾರೆ, ಎರಡು ಸೇರಿದರೆ ಇಮ್ಮಡಿ ಬಲ ಎಂಬ ಲೆಕ್ಕಾಚಾರ. ಆ ದ್ರವಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಹೈಪೋಕ್ಲೋರೈಟಿಗೆ ಆಮ್ಲ ಬಿದ್ದರೆ ಹಳದಿ ಹಸಿರಿನ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಭಾರವಾದ್ದರಿಂದ ಕೆಳಗೇ ತುಂಬಿಕೊಳ್ಳುತ್ತದೆ, ನೆಲ ತಿಕ್ಕಲು ಕುಕ್ಕರುಗಾಲಲ್ಲಿ ಕೂತವರ ಮುಖದ ಮಟ್ಟಕ್ಕೇ. ವಿನೆಗರು, ನಿಂಬೆಹುಳಿ ಬೆರೆಸಿದರೂ ಕ್ಲೋರಿನ್ ಏಳುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಬೆರೆತರೆ ಕ್ಲೋರಮೈನ್ ಎಂಬ ಇನ್ನೊಂದು ವಿಷ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿಗೂ ಇದೇ ಎಚ್ಚರಿಕೆ. ಕಣ್ಣು ಉರಿದು ಕೆಮ್ಮು ಬಂದ ಕ್ಷಣ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬರಬೇಕು, ‘ಇಷ್ಟು ತೊಳೆದು ಬಿಡುತ್ತೇನೆ’ ಎನ್ನಬಾರದು. ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ.

ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ಬುರುಗು ಬರಿಸಿ ತಿಕ್ಕುವ ಸಲಹೆ ಈಗ ಮನೆಮನೆಗೆ ಹಬ್ಬಿದೆ. ಇದು ಅಪಾಯವಿಲ್ಲದ್ದು, ಪ್ರಯೋಜನವೂ ಇಲ್ಲದ್ದು. ಆಮ್ಲವೂ ಪ್ರತ್ಯಾಮ್ಲವೂ ಒಂದನ್ನೊಂದು ಕಳೆದುಕೊಂಡು ಉಳಿಯುವುದು ನೀರು, ಸೋಡಿಯಂ ಅಸಿಟೇಟ್ ಎಂಬ ಲವಣ, ಹಾರಿಹೋದ ಇಂಗಾಲದ ಡೈಆಕ್ಸೈಡ್. ಬುರುಗು ಕಂಡದ್ದೇ ಲಾಭ.

ಕಿತ್ತು ಹಾಕುವ ಕಾಲ

ಉಜ್ಜಿದರೂ ಹೋಗದ ಕಪ್ಪು ಪಟ್ಟಿಯ ಒಳಗಿನಿಂದಲೇ ಕಾಣುತ್ತಿದ್ದರೆ, ಅಥವಾ ಅಂಚು ಬಿಟ್ಟು ಉಗುರು ಒಳಗೆ ಹೋಗುವಂತಿದ್ದರೆ ಅದನ್ನು ಕಿತ್ತು ಹೊಸದು ಹಚ್ಚುವುದೊಂದೇ ದಾರಿ. ಇಲ್ಲಿ ಮೇಸ್ತ್ರಿಗಳು ಮಾಡುವ ಅವಸರ ಒಂದಿದೆ: ಹಳೆಯದರ ಮೇಲೆಯೇ ಹೊಸದನ್ನು ಎಳೆದುಬಿಡುವುದು. ಗಟ್ಟಿಯಾದ ಸಿಲಿಕೋನಿಗೆ ಯಾವುದೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕೋನೂ ಅಂಟುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಸಂದಿಯನ್ನು ತೊಳೆದು, ಸ್ಪಿರಿಟ್ಟಿನಿಂದ ಜಿಡ್ಡು ಒರೆಸಿ, ಒಂದೆರಡು ದಿನ ಆರಲು ಬಿಟ್ಟು ಹಚ್ಚಬೇಕು. ಹಚ್ಚಿದ ಮೇಲೆ ಕನಿಷ್ಠ 24 ಗಂಟೆ ನೀರು ಸೋಕಬಾರದು. ಸಿಲಿಕೋನು ಗಟ್ಟಿಯಾಗಲು ಗಾಳಿಯ ತೇವ ಬೇಕು, ಅಂಟಲು ಮಾತ್ರ ಒಣ ಸಂದಿ ಬೇಕು. ಹೀಗಾಗಿ ಕರಾವಳಿ, ಮಲೆನಾಡಿನವರು ಈ ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಮುಗಿಸಿಕೊಳ್ಳುವುದು ಜಾಣತನ. ಮಳೆಯ ನಡುವೆ ಕರೆದರೆ ಮೇಸ್ತ್ರಿ ಬರುತ್ತಾನೆ, ಆದರೆ ಗೋಡೆ ಆರುವುದಿಲ್ಲ.

ಟ್ಯೂಬಿನ ಮೇಲೆ ‘ಸ್ಯಾನಿಟರಿ’ ಎಂದು ಬರೆದದ್ದನ್ನು ನೋಡಿ ತರಬೇಕು. ಅದರಲ್ಲಿ ಬೂಷ್ಟುನಾಶಕ ಬೆರೆಸಿರುತ್ತಾರೆ. ಶಾಶ್ವತವೆಂದು ತಿಳಿಯಬೇಡಿ, ವರ್ಷಗಳು ಕಳೆದಂತೆ ಅದು ನೀರಿನೊಡನೆ ತೊಳೆದು ಹೋಗುತ್ತದೆ. ಬಣ್ಣ ಹಚ್ಚುವವರು ಬಿರುಕಿಗೆ ತುಂಬುವ ಅಕ್ರಿಲಿಕ್ ಅಗ್ಗ, ಆದರೆ ಸದಾ ಒದ್ದೆಯಿರುವ ಜಾಗಕ್ಕೆ ಅದು ಒದಗದು. ಇನ್ನು ಕಲ್ಲಿನ ವಿಚಾರ. ನಮ್ಮ ಎಷ್ಟೋ ಅಡುಗೆಮನೆಗಳ ಕಟ್ಟೆ ಕಡಪ ಕಲ್ಲಿನದು, ಅದು ಸುಣ್ಣದಕಲ್ಲಿನ ಜಾತಿ. ಅಮೃತಶಿಲೆಯೂ ಅಷ್ಟೆ. ಆಮ್ಲ ತಾಗಿದರೆ ಇವು ಸವೆಯುತ್ತವೆ. ಹುಳಿ ವಾಸನೆಯ ಸಿಲಿಕೋನನ್ನು ಇಂಥ ಕಲ್ಲಿಗೆ ಹಚ್ಚಬಾರದು, ‘ನ್ಯೂಟ್ರಲ್’ ಎಂದು ಬರೆದದ್ದನ್ನು ಕೇಳಿ ಪಡೆಯಬೇಕು. ಗ್ರಾನೈಟಿಗೆ ಈ ಆಮ್ಲದ ಭಯ ಅಷ್ಟಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ, ಒಂದು ಗೆರೆಗಾಗಿ? ಗೆರೆ ಬರೀ ನೋಟಕ್ಕೆ ಕೆಟ್ಟದ್ದಾಗಿದ್ದರೆ ಬೇಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ತೇವದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕು ಹೆಚ್ಚು, ಆಸ್ತಮಾ ಇರುವವರಿಗೆ ಅದು ಉಲ್ಬಣಿಸುತ್ತದೆ ಎಂಬುದು ಅದರ ನಿರ್ಣಯ. ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಕ್ಷೇಮ ಎಂಬ ಅಂಕಿಯನ್ನು ಅದು ನಿಗದಿ ಮಾಡಲಿಲ್ಲ, ತೇವವನ್ನೇ ತಡೆಯಿರಿ ಎಂದಿತು. ಬೇಸಿನ್ನಿನ ಬಳಿಯ ಗೇಣುದ್ದ ಗೆರೆಯಿಂದ ಆರೋಗ್ಯವಂತರಿಗೆ ಗಂಡಾಂತರವೇನೂ ಇಲ್ಲ. ಆದರೆ ಮನೆಯಲ್ಲಿ ಉಬ್ಬಸದ ಮಗುವೋ ಅಜ್ಜನೋ ಇದ್ದು, ಮಳೆಗಾಲದಲ್ಲಿ ರಾತ್ರಿ ಕೆಮ್ಮು ಹೆಚ್ಚುತ್ತಿದ್ದರೆ, ಔಷಧದ ಚೀಟಿಯ ಜೊತೆಗೆ ಮಲಗುವ ಕೋಣೆಗೆ ಅಂಟಿದ ಆ ಬಚ್ಚಲನ್ನೂ ಒಮ್ಮೆ ನೋಡಬೇಕು. ಅದರ ಬಾಗಿಲು ತೆರೆದುಕೊಳ್ಳುವುದು ಹಾಸಿಗೆಯ ಕಡೆಗೇ ಅಲ್ಲವೇ? ಅಂಥ ಮನೆಯಲ್ಲಿ ಬೂಷ್ಟು ತಿಕ್ಕುವ ಕೆಲಸವನ್ನು ಉಬ್ಬಸವಿಲ್ಲದವರೇ ಮಾಡಬೇಕು. ಒಣದನ್ನು ಕೆರೆಯಬಾರದು, ಒದ್ದೆ ಮಾಡಿಯೇ ತೆಗೆಯಬೇಕು, ಇಲ್ಲದಿದ್ದರೆ ಬೀಜಕಣಗಳು ಗಾಳಿಗೆ ಏಳುತ್ತವೆ.

ನಂಬಿಕೆ ಬರದವರಿಗೆ, ಮುಖ್ಯವಾಗಿ ಹೈಸ್ಕೂಲು ಮಕ್ಕಳಿಗೆ, ಮನೆಯಲ್ಲೇ ಒಂದು ಪ್ರಯೋಗವಿದೆ. ಬೇಸಿನ್ನಿನ ಹಿಂದಿನ ಸೀಲೆಂಟನ್ನು ಚೆನ್ನಾಗಿ ತೊಳೆದು ಒರೆಸಿ, ನಡುವೆ ಟೈಲಿನ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ. ಎಡಭಾಗವನ್ನು ಪ್ರತಿ ಸ್ನಾನದ ನಂತರ ಒಣಬಟ್ಟೆಯಿಂದ ಒರೆಸಿ, ಬಲಭಾಗವನ್ನು ಮುಟ್ಟಲೇಬೇಡಿ. ಔಷಧ, ಬ್ಲೀಚು, ಸೋಡಾ ಯಾವುದೂ ಎರಡು ಕಡೆಗೂ ಬೇಡ, ವ್ಯತ್ಯಾಸ ಒಂದೇ ಇರಬೇಕು. ಪ್ರತಿ ಭಾನುವಾರ ಎರಡೂ ಕಡೆಯ ಕಪ್ಪು ಚುಕ್ಕಿಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜೂನ್ ಮೊದಲ ವಾರ ಆರಂಭಿಸಿದರೆ ಗಣೇಶನ ಹಬ್ಬದ ಹೊತ್ತಿಗೆ ನಕ್ಷೆ ಬರೆಯುವಷ್ಟು ಅಂಕಿಗಳು ಸಿಗುತ್ತವೆ. ಬಲಭಾಗವನ್ನು ಮನೆಯಲ್ಲಿ ಯಾರಾದರೂ ತಡೆಯಲಾರದೆ ತಿಕ್ಕಿಬಿಡುವ ಸಂಭವ ಇರುವುದರಿಂದ, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಡುವುದು ಒಳ್ಳೆಯದು.